ದುಡಿಮೆಯ ನಡುವೆ ಒಬ್ಬ ತಂದೆ: ವರಕವಿ ಬೇಂದ್ರೆ

ವರಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು 1896ರ ಜನವರಿ 31ರಂದು ಧಾರವಾಡದಲ್ಲಿ ಜನಿಸಿದರು. ಮನೆಮಾತು ಮರಾಠಿ, ಹಾಡಿದ್ದು ಕನ್ನಡದಲ್ಲಿ. ಗಡಿನಾಡಿನ ನಮಗೆ ಅವರು ಆತ್ಮೀಯರಾಗಲು ಇದೊಂದೇ ಸಾಕು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ತಾಯಿಯ ಹೆಸರನ್ನು ಹೊತ್ತು ‘ಅಂಬಿಕಾತನಯದತ್ತ’ರೆನಿಸಿದರು. ತಂದೆಯಿಲ್ಲದ ಮನೆಯ ಬಾಧೆ ಅವರಿಗೆ ಅರಿಯದ್ದಲ್ಲ.

ಪುಣೆಯಲ್ಲಿ ಬಿ.ಎ. ಮುಗಿಸಿ 1918ರಲ್ಲಿ ಧಾರವಾಡದಲ್ಲಿ ಶಿಕ್ಷಕರಾದರು. ಮರುವರ್ಷ ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು. 1932ರಲ್ಲಿ ‘ನರಬಲಿ’ ಕವನಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು ಸೆರೆಗೆ ಕಳುಹಿಸಿತು. ಬಳಿಕ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿರಿಸಿತು. ಸ್ಥಿರ ಸಂಬಳವಿಲ್ಲದ ವರ್ಷಗಳನ್ನು ಆ ಸಂಸಾರ ಕಂಡಿತು. ಸುಮಾರು ನಲವತ್ತರ ಹರೆಯದಲ್ಲಿ, 1935ರಲ್ಲಿ, ಅವರು ಎಂ.ಎ. ಪಡೆದರು. ಭದ್ರವಾದ ನೌಕರಿ ದೊರೆತದ್ದು 1944ರಲ್ಲಿ, ನಮ್ಮ ದಾಳಿಂಬದ ಹೆದ್ದಾರಿ ಮುಟ್ಟುವ ಸೋಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ. 1956ರವರೆಗೆ ಅಲ್ಲಿ ಕನ್ನಡ ಬೋಧಿಸಿದರು.

ಈ ಹೋರಾಟದ ನಡುವೆ ವಿಧಿ ಅವರ ಹಲವು ಮಕ್ಕಳನ್ನು ಎಳೆವಯಸ್ಸಿನಲ್ಲಿಯೇ ಕಸಿದುಕೊಂಡಿತು. ಹಿರಿಯರೆದುರು ತಂದೆಯಾದವನು ತನ್ನ ಮಗುವನ್ನು ಎತ್ತಿಕೊಳ್ಳಲೂ ಸಂಕೋಚಪಡುತ್ತಿದ್ದ ಕಾಲವದು. ಮಗು ಸತ್ತರೆ ಅಳುವ ಹಕ್ಕು ತಾಯಿಗೆ ಮಾತ್ರವೆಂಬಂತಿತ್ತು. ಬೇಂದ್ರೆಯವರು ಆ ಮೌನವನ್ನು ಮುರಿದರು. ಮಗುವನ್ನು ಕಳೆದುಕೊಂಡ ಮಡದಿಯ ನೋಟವನ್ನು ಎದುರಿಸಲಾರದ ತಂದೆಯ ಸಂಕಟವನ್ನು ಮನೆಯಂಗಳದ ಮಾತಿನಲ್ಲಿಯೇ ಹಾಡಾಗಿಸಿದರು. ಗಂಡಸಿನ ಎದೆಯಲ್ಲಿಯೂ ಕರುಳು ಇದೆಯೆಂದು ಕನ್ನಡಿಗರು ಆ ಹಾಡಿನಿಂದ ಕಂಡುಕೊಂಡರು.

1973ರ ಜ್ಞಾನಪೀಠ ಪ್ರಶಸ್ತಿ ‘ನಾಕುತಂತಿ’ಗೆ ಸಂದಿತು. 1981ರ ಅಕ್ಟೋಬರ್ 26ರಂದು ಅವರು ನಿಧನರಾದರು. ಮಗ ವಾಮನ ಬೇಂದ್ರೆಯವರು ತಂದೆಯ ಸಮಗ್ರ ಕವಿತೆಗಳನ್ನು ‘ಔದುಂಬರಗಾಥೆ’ಯ ಸಂಪುಟಗಳಲ್ಲಿ ಸಂಪಾದಿಸಿದರು. ತಂದೆಯ ದುಡಿಮೆ ಮಗನಿಗೆ ಪರಕೀಯವಾಗಲಿಲ್ಲ; ಅವನದೇ ದುಡಿಮೆಯಾಯಿತು. ಇದಕ್ಕಿಂತ ದೊಡ್ಡ ಆಸ್ತಿ ಯಾವುದು?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಇಂದು ಸೋಲಾಪುರ, ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ದುಡಿಯುತ್ತಿದ್ದಾರೆ. ಮಕ್ಕಳು ಮಲಗಿದ ಮೇಲೆ ಮನೆ ಸೇರಿ, ಏಳುವ ಮುನ್ನ ಹೊರಡುವವರು ಅನೇಕರು. ಹೊಟ್ಟೆಪಾಡನ್ನು ಬಿಡಲಾಗದು, ನಿಜ. ಆದರೆ ನಮ್ಮ ಗಡಿಭಾಗದಲ್ಲಿ ಪೇಟೆಯ ಮಾತು ಬೇರೆ, ಕಚೇರಿಯ ಮಾತು ಬೇರೆ. ಮನೆಯೊಳಗೆ ತಂದೆ ಮಾತನಾಡದಿದ್ದರೆ ಮಗು ತಂದೆಯ ಜೊತೆಗೆ ಕನ್ನಡವನ್ನೂ ಕಳೆದುಕೊಳ್ಳುತ್ತದೆ. ಊಟದ ಹೊತ್ತಿನಲ್ಲಿ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅಂದಿನ ಕೆಲಸದ ಸುಖದುಃಖವನ್ನು ಕನ್ನಡದಲ್ಲಿ ಹೇಳಿರಿ. ಅದಕ್ಕೆ ರಜೆ ಬೇಕಿಲ್ಲ.