ಕಬ್ಬಿಣದ ಜಾಲರಿ ಹಿಡಿದ ಸಂತರು

ಸಂತ ಲಾರೆನ್ಸರ ಚಿತ್ರಪಟದಲ್ಲಿ ಅವರ ಕೈಯಲ್ಲಿರುವ ಕಬ್ಬಿಣದ ಜಾಲರಿಯನ್ನು ಕಂಡು ಅಳುಕದವರು ವಿರಳ. ಅವರನ್ನು ಸುಟ್ಟ ಸಾಧನವೇ ಅದೆಂಬುದು ಪರಂಪರೆಯ ನಂಬಿಕೆ.

ರೋಮ್ ನಗರದ ಏಳು ಮಂದಿ ಡೀಕನರಲ್ಲಿ ಒಬ್ಬರಾಗಿದ್ದ ಅವರು ಬಡಬಗ್ಗರ ಪಾಲನೆಯ ಹೊಣೆ ಹೊತ್ತಿದ್ದರು. ಚಕ್ರವರ್ತಿ ವಲೇರಿಯನ್ನನ ಕಾಲದಲ್ಲಿ, ಕ್ರಿ.ಶ. 258ರ ಆಗಸ್ಟ್ 6ರಂದು ಜಗದ್ಗುರು ಎರಡನೇ ಸಿಕ್ಸ್ತುಸರ ಹತ್ಯೆಯಾಯಿತು. ಧರ್ಮಸಭೆಯ ಸಂಪತ್ತನ್ನು ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಲಾರೆನ್ಸರು ಅದನ್ನು ಬಡವರಿಗೆ ಹಂಚಿ, ಆ ಬಡವರನ್ನೇ ಸಂಪತ್ತೆಂದು ಅಧಿಕಾರಿಯ ಮುಂದೆ ನಿಲ್ಲಿಸಿದರೆಂದು ಪ್ರತೀತಿ. ಆಗಸ್ಟ್ 10ರಂದು ಅವರೂ ರಕ್ತಸಾಕ್ಷಿಯಾದರು.

2016ರಲ್ಲಿ ಬಸಿಲಿಕವಾದ ಕಾರ್ಕಳದ ಅತ್ತೂರಿನ ಪುಣ್ಯಕ್ಷೇತ್ರ ಅವರಿಗೇ ಅರ್ಪಿತ. ಬೆಂಕಿಯಲ್ಲಿ ಅದಿರು ಉಕ್ಕಾಗುವುದನ್ನು ಕುರೆಕುಪ್ಪ, ತೋರಣಗಲ್ಲು ಸೀಮೆಯ ನಾವು ಬಲ್ಲೆವು. ಬಡವರ ಪಾಲನ್ನು ಅರಸನ ಬೊಕ್ಕಸಕ್ಕೆ ಒಪ್ಪಿಸದ ನಿಷ್ಠೆಯ ಗುರುತೆಂದೇ ಆ ಜಾಲರಿಯನ್ನು ಗೌರವಿಸುತ್ತೇವೆ. ಮಕ್ಕಳು ಅದರ ಬಗ್ಗೆ ಕೇಳಿದಾಗ ಆ ಬಡವರಿಂದಲೇ ಕಥೆಯನ್ನು ಆರಂಭಿಸೋಣ.