ಗಣಿನಾಡಿಗೆ ಧಮ್ಮದ ಬೆಳಕು ತಂದ ಪಂಡಿತ ಅಯೋತಿದಾಸರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯವರಿಗೆ ಚಿನ್ನದ ಗಣಿ ಹೊಸತಲ್ಲ. ಆದರೆ ಭಾರತದಲ್ಲಿ ಬೌದ್ಧ ಧರ್ಮ ಮತ್ತೆ ಚಿಗುರಿದ ಮೊದಲ ನೆಲೆಗಳಲ್ಲಿ ಆ ಗಣಿಯ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ ಕೂಡ ಸೇರಿದ್ದವೆಂಬುದು ಅನೇಕರಿಗೆ ತಿಳಿಯದು. ಆ ಚಿಗುರಿಗೆ ನೀರೆರೆದವರು ಪಂಡಿತ ಅಯೋತಿದಾಸರು.

1845ರಲ್ಲಿ ತಮಿಳುನಾಡಿನ ದಲಿತ ಕುಟುಂಬವೊಂದರಲ್ಲಿ ಜನಿಸಿದ ಅವರಿಗೆ ತಂದೆತಾಯಿಗಳು ಇಟ್ಟ ಹೆಸರು ಕಾತವರಾಯನ್. ವಿದ್ಯೆ ಕಲಿಸಿದ ಗುರುವಿನ ಮೇಲಣ ಭಕ್ತಿಯಿಂದ ಅವರು ಗುರುವಿನ ಹೆಸರನ್ನೇ ತಮ್ಮದಾಗಿಸಿಕೊಂಡರು. ಸಿದ್ಧವೈದ್ಯ ಅವರ ಕಾಯಕ. ತಮಿಳು ಸಾಹಿತ್ಯದಲ್ಲಿ ಅವರದು ಆಳವಾದ ವಿದ್ವತ್ತು. ನೀಲಗಿರಿಯಲ್ಲಿದ್ದಾಗ ಅದ್ವೈತ ಚಿಂತನೆಗೆ ಒಲಿದು ಅದಕ್ಕಾಗಿ ಸಭೆಯೊಂದನ್ನೂ ಕಟ್ಟಿದರು. ಎಲ್ಲರೊಳಗಿರುವುದು ಒಂದೇ ಚೈತನ್ಯವೆಂಬ ತತ್ತ್ವ ಬಾಳಿನಲ್ಲಿಯೂ ನಿಜವಾದೀತೆಂಬ ನಂಬಿಕೆ ಅವರಿಗಿತ್ತು.

ಆ ನಂಬಿಕೆಗೆ 1892ರಲ್ಲಿ ಪೆಟ್ಟು ಬಿತ್ತು. ಮದರಾಸಿನ ಮಹಾಜನ ಸಭೆಯಲ್ಲಿ ಅವರು ತಮ್ಮ ಜನರಿಗೆ ದೇವಾಲಯ ಪ್ರವೇಶವನ್ನೂ ಮಕ್ಕಳಿಗೆ ಶಿಕ್ಷಣವನ್ನೂ ಕೋರಿದರು. ಶಿಕ್ಷಣದ ಮಾತಿಗೆ ಸಭೆ ಒಪ್ಪಿತು. ಶಿವನ ಗುಡಿ, ವಿಷ್ಣುವಿನ ಗುಡಿಗಳ ಮಾತು ಬಂದಾಗ ವಿರೋಧದ ಕೂಗೆದ್ದಿತು. ನಿಮ್ಮ ಗ್ರಾಮದೇವತೆಗಳು ನಿಮಗಿರಲಿ ಎಂಬರ್ಥದ ಉತ್ತರ ಅವರಿಗೆ ದೊರೆಯಿತು. ಬೇಡಲು ಹೋದವರು ಬೇಡುವುದನ್ನೇ ಬಿಟ್ಟರು. ಬಾಗಿಲು ಮುಚ್ಚಿದ ಮನೆ ತಮ್ಮದಾಗಲಾರದೆಂದರಿತು ತಮ್ಮದೇ ಮನೆಯನ್ನು ಅರಸತೊಡಗಿದರು.

ಪ್ರಾಚೀನ ತಮಿಳು ಗ್ರಂಥಗಳನ್ನೂ ಜನರ ಆಚರಣೆಗಳನ್ನೂ ಶೋಧಿಸುತ್ತ ಅವರು ಒಂದು ನಿಲುವಿಗೆ ಬಂದರು: ತಮ್ಮ ಪೂರ್ವಜರು ಬೌದ್ಧರು, ಧರ್ಮವನ್ನು ಬಿಡದ ಕಾರಣದಿಂದಲೇ ಅವರು ಊರ ಹೊರಗೆ ತಳ್ಳಲ್ಪಟ್ಟರು. ಈ ದೃಷ್ಟಿಯಲ್ಲಿ ಬುದ್ಧನಿಗೆ ಶರಣಾಗುವುದು ಮತಾಂತರವಲ್ಲ, ಮರಳಿ ಮನೆ ಸೇರುವುದು. 1898ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟರೊಡನೆ ಸಿಂಹಳಕ್ಕೆ ತೆರಳಿ, ಸುಮಂಗಲ ಮಹಾಥೇರರಿಂದ ಪಂಚಶೀಲ ಸ್ವೀಕರಿಸಿದರು. ಮರಳಿ ಬಂದು ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದರು. ಡಾ. ಅಂಬೇಡ್ಕರರು 1956ರಲ್ಲಿ ನಾಗಪುರದಲ್ಲಿ ದೀಕ್ಷೆ ಪಡೆದುದಕ್ಕೆ 58 ವರ್ಷ ಮೊದಲಿನ ಸಂಗತಿಯಿದು.

1907ರ ಜೂನ್ 19ರಂದು ಅವರು ವಾರಪತ್ರಿಕೆಯೊಂದನ್ನು ಆರಂಭಿಸಿದರು. ಬೆಲೆ ಒಂದು ಪೈಸೆ. ಹೆಸರಿನಲ್ಲಿಯೇ ಆ ಬೆಲೆ ಸೇರಿತ್ತು. ಮರುವರ್ಷ ಅದು ತಮಿಳನ್ ಎಂದಾಯಿತು. ಬಡವನೂ ಕೊಳ್ಳಬಲ್ಲ ಆ ಹಾಳೆಗಳು ಕೋಲಾರದ ಗಣಿಗೂ ತಲುಪಿದವು. ಭೂಮಿಯಾಳದ ಕತ್ತಲಲ್ಲಿ ಬಂಡೆ ಸೀಳಿ ಹೊನ್ನು ತೆಗೆಯುತ್ತಿದ್ದ ತಮಿಳು ಕಾರ್ಮಿಕರಲ್ಲಿ ಬಹಳಷ್ಟು ಜನ ಅಸ್ಪೃಶ್ಯರೆನಿಸಿಕೊಂಡವರು. ಅವರು ಅಗೆದ ಚಿನ್ನ ಯಾರ ಕೊರಳಿಗೂ ಮೈಲಿಗೆಯಾಗಲಿಲ್ಲ. ಅಗೆದ ಕೈ ಮಾತ್ರ ಮೈಲಿಗೆಯಾಗಿತ್ತು. ಅಂಥವರು ಸಂಘದ ಶಾಖೆಗಳನ್ನು ಕಟ್ಟಿದರು. ತ್ರಿಶರಣ, ಪಂಚಶೀಲಗಳನ್ನು ಕಲಿತರು. ಹುಟ್ಟಿನಿಂದ ಬಂದ ಕೀಳು ಹೆಸರಿನ ಬದಲು ಬೌದ್ಧರೆಂಬ ಹೆಸರಿನಲ್ಲಿ ತಲೆಯೆತ್ತಿ ನಿಂತರು.

1914ರ ಮೇ 5ರಂದು ಪಂಡಿತರು ಕಾಲವಾದರು. ಅವರ ಕಾರ್ಯ ನಿಲ್ಲಲಿಲ್ಲ. ಜಿ. ಅಪ್ಪಾದುರೈಯವರು 1926ರಿಂದ ತಮಿಳನ್ ಪತ್ರಿಕೆಯನ್ನು ಚಿನ್ನದ ಗಣಿಯಿಂದಲೇ ಮತ್ತೆ ಹೊರತಂದರು. ಪಂಡಿತರ ಕೃತಿಗಳು ಅಲ್ಲಿನ ಸಿದ್ಧಾರ್ಥ ಪುಸ್ತಕಾಲಯದಿಂದ ಪ್ರಕಟವಾದವು. 2005ರಲ್ಲಿ ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರಡಿಸಿತು.

2001ರಲ್ಲಿ ಗಣಿಯ ಬಾಗಿಲು ಮುಚ್ಚಿತು. ಒಂದು ಕಾಲಕ್ಕೆ ಮುಚ್ಚಿದ ಗುಡಿಯ ಬಾಗಿಲ ಮುಂದೆ ನಿಂತ ಪಂಡಿತರು ಎತ್ತಿದ ಪ್ರಶ್ನೆ ಮಾತ್ರ ಮುಚ್ಚಿಹೋಗಿಲ್ಲ. ಬಂದವರನ್ನು ಹುಟ್ಟು ಕೇಳದೆ ಒಳಕರೆಯುವುದೇ ಧರ್ಮದ ಮನೆ. ನಮ್ಮ ನಮ್ಮ ಊರುಗಳ ಹೊಸ್ತಿಲು ಹಾಗಿದೆಯೇ ಎಂದು ನೋಡಿಕೊಳ್ಳುವುದೇ ಅವರಿಗೆ ಸಲ್ಲಿಸುವ ನಿಜವಾದ ನಮನ.