ಹೊಟ್ಟೆಯ ಗುಟ್ಟು ಕಂಡ ಥಿಯೋಡರ್ ಶ್ವಾನ್

ಮಕ್ಕಳೇ, ಪೆರಾಬೆಯ ಹಿತ್ತಲುಗಳಲ್ಲಿ ನೀವು ಪಪ್ಪಾಯಿ ಗಿಡ ನೋಡಿರುತ್ತೀರಿ. ಎಳೆಯ ಕಾಯಿಗೆ ಗೀರಿದರೆ ಬಿಳಿಯ ಹಾಲು ಒಸರುತ್ತದೆ. ಪ್ರೋಟೀನನ್ನು ತುಂಡರಿಸುವ ಕಿಣ್ವ ಅದರಲ್ಲಿದೆ. ಮಾಂಸ ಬೇಗ ಮೆತ್ತಗಾಗಲೆಂದು ಪಪ್ಪಾಯಿ ಕಾಯಿ ಸೇರಿಸುವುದು ಇದಕ್ಕೇ. ನಮ್ಮ ಹೊಟ್ಟೆಯಲ್ಲೂ ಇಂಥದೊಂದು ಕಿಣ್ವವಿದೆ. ಅದನ್ನು ಕಂಡುಹಿಡಿದವರು ಯಾರು ಗೊತ್ತೇ? ಥಿಯೋಡರ್ ಶ್ವಾನ್.

ಶ್ವಾನ್ 1810ರಲ್ಲಿ ಜರ್ಮನಿಯ ನೋಯ್ಸ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಅಕ್ಕಸಾಲಿಗರು. ವೈದ್ಯಶಾಸ್ತ್ರ ಓದಿದ ಶ್ವಾನ್ ಬರ್ಲಿನ್ನಿನಲ್ಲಿ ಮುಲ್ಲರ್ ಎಂಬ ಗುರುಗಳ ಪ್ರಯೋಗಾಲಯ ಸೇರಿದರು. ಹೊಟ್ಟೆಯಲ್ಲಿ ಆಮ್ಲವಿದೆ ಎಂದು ಆಗಲೇ ತಿಳಿದಿತ್ತು. ಆದರೆ ಆಹಾರವನ್ನು ಕರಗಿಸಲು ಆಮ್ಲವೊಂದೇ ಸಾಕೇ? ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ಇಟ್ಟುಕೊಂಡು ಅವರು ಪರೀಕ್ಷಿಸಿದರು. ಜಠರದ ಒಳಪದರದಲ್ಲಿರುವ ಬೇರೊಂದು ವಸ್ತುವೂ ಬೇಕು, ಅದು ತೀರಾ ಸ್ವಲ್ಪವಿದ್ದರೂ ಸಾಕು ಎಂದು ತಿಳಿಯಿತು. 1836ರಲ್ಲಿ ಅದಕ್ಕೆ ಪೆಪ್ಸಿನ್ ಎಂದು ಹೆಸರಿಟ್ಟರು. ಆಗ ಅವರಿಗೆ 26 ವರ್ಷವೂ ತುಂಬಿರಲಿಲ್ಲ!

ಮರುವರ್ಷ ಅವರು ಯೀಸ್ಟ್ ಒಂದು ಜೀವಿ, ಸಕ್ಕರೆಯ ದ್ರಾವಣ ಹುಳಿಯುವುದು ಅದರಿಂದಲೇ ಎಂದು ತೋರಿಸಿದರು. ದೊಡ್ಡ ರಸಾಯನ ವಿಜ್ಞಾನಿಗಳಾದ ಲೀಬಿಗ್ ಮತ್ತು ವೋಲರ್ ಇದನ್ನು ಒಪ್ಪಲಿಲ್ಲ. 1839ರಲ್ಲಿ ತಮ್ಮ ಪತ್ರಿಕೆಯಲ್ಲಿ ಇದನ್ನು ಗೇಲಿ ಮಾಡಿದರು. ಅದೇ ವರ್ಷ ಶ್ವಾನ್, ಪ್ರಾಣಿಗಳ ದೇಹವೂ ಜೀವಕೋಶಗಳಿಂದಲೇ ಆಗಿದೆ ಎಂಬ ಪುಸ್ತಕ ಪ್ರಕಟಿಸಿದರು. ಆದರೂ ತಾಯ್ನಾಡಿನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗದೆ ಬೆಲ್ಜಿಯಂಗೆ ಹೋದರು. ಸುಮಾರು 20 ವರ್ಷಗಳ ನಂತರ ಲೂಯಿ ಪಾಶ್ಚರ್ ಮಾಡಿದ ಪ್ರಯೋಗಗಳು ಯೀಸ್ಟಿನ ವಿಷಯದಲ್ಲಿ ಶ್ವಾನ್ ಹೇಳಿದ್ದೇ ಸರಿ ಎಂದು ತೋರಿಸಿದವು. ಶ್ವಾನ್ 1882ರಲ್ಲಿ ತೀರಿಕೊಂಡರು.

ಪ್ರೋಟೀನು ತುಂಡರಿಸುವ ಕಿಣ್ವಗಳು ಬ್ಯಾಕ್ಟೀರಿಯಗಳಲ್ಲೂ ಇವೆ ಎಂದು ಈಗ ನಮಗೆ ಗೊತ್ತು. ಬಿಸಿಲು ಜೋರಾದರೆ ನೀವು ನೆರಳಿಗೆ ಓಡುತ್ತೀರಿ. ಪುಟ್ಟ ಬ್ಯಾಕ್ಟೀರಿಯ ಏನು ಮಾಡಬೇಕು? ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯವನ್ನೇ ನೋಡಿ. ಅದರೊಳಗೆ ಎಚ್ಚರಿಕೆಯ ಗಂಟೆಯಂಥ ಒಂದು ಪ್ರೋಟೀನು ಸದಾ ತಯಾರಾಗುತ್ತಿರುತ್ತದೆ. ಸಾಮಾನ್ಯ ಸಮಯದಲ್ಲಿ ಒಂದು ಕಿಣ್ವ ಅದನ್ನು ಬೇಗಬೇಗನೆ ತುಂಡರಿಸಿಬಿಡುತ್ತದೆ. ಬಿಸಿ ಏರಿದಾಗ ಈ ತುಂಡರಿಸುವಿಕೆ ಕೆಲವು ನಿಮಿಷ ಕಡಿಮೆಯಾಗುತ್ತದೆ. ಆಗ ಗಂಟೆ ಬಾರಿಸಿದಂತೆ! ಬಿಸಿಗೆ ಕೆಟ್ಟ ಪ್ರೋಟೀನುಗಳನ್ನು ಸರಿಪಡಿಸುವ ಪ್ರೋಟೀನುಗಳೂ, ಸರಿಯಾಗದವನ್ನು ತುಂಡರಿಸುವ ಕಿಣ್ವಗಳೂ ಹೆಚ್ಚು ತಯಾರಾಗುತ್ತವೆ. ಅಪಾಯ ಕಳೆದ ಮೇಲೆ ಗಂಟೆ ಮತ್ತೆ ಮೌನ.

ಮುಂದಿನ ಸಲ ಪಪ್ಪಾಯಿ ಕೊಯ್ಯುವಾಗ ಶ್ವಾನ್ ಅವರನ್ನು ನೆನೆಯಿರಿ. ಹಾಲು ಮಾತ್ರ ಕೈಗೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ನಿಮ್ಮ ಚರ್ಮದಲ್ಲೂ ಪ್ರೋಟೀನು ಇದೆಯಲ್ಲವೇ?